ಸಿಂಗಪುರ ಕ್ರೂಸ್: 3 ವರ್ಷದ ಮಗಳು, 15 ತಿಂಗಳ ಮಗ. ಹಡಗಿನ ಮಕ್ಕಳ ಕ್ಲಬ್, ನರ್ಸರಿ ಎಷ್ಟು ಉಪಯೋಗಕ್ಕೆ ಬರುತ್ತೆ?

ಮಲ್ಲೇಶ್ವರದ ಅಮ್ಮ

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಕೊನೆಯ ವಾರ ಬೆಂಗಳೂರಿಂದ ಸಿಂಗಪುರಕ್ಕೆ ಹೋಗಿ, ಅಲ್ಲಿಂದ ರಾಯಲ್ ಕೆರಿಬಿಯನ್ ಕಂಪನಿಯ ಹಡಗಿನಲ್ಲಿ 4 ರಾತ್ರಿ ಪೆನಾಂಗ್–ಫುಕೆಟ್ ಸುತ್ತಿ ಬರುವ ಯೋಚನೆ. ನಾವಿಬ್ಬರು, ಅತ್ತೆ, ಎರಡು ಮಕ್ಕಳು. ಹೊರಡುವ ಹೊತ್ತಿಗೆ ಮಗಳಿಗೆ 3 ವರ್ಷ 1 ತಿಂಗಳು, ಮಗನಿಗೆ 15 ತಿಂಗಳು. ಟಿಕೆಟ್ ಇನ್ನೂ ಬುಕ್ ಮಾಡಿಲ್ಲ.

ಮಗಳಿಗೆ ಹಗಲು ಡೈಪರ್ ಬಿಟ್ಟಿದೆ, ರಾತ್ರಿ ಇನ್ನೂ ಬೇಕು. ಟಾಯ್ಲೆಟ್ ಬಂದರೆ ಹೇಳುತ್ತಾಳೆ, ಆದರೆ ತೊಳೆಸುವುದು ನಾವೇ. ಮನೆಯಲ್ಲಿ ಪೂರ್ತಿ ಕನ್ನಡ, ಇಂಗ್ಲಿಷ್ ಅಷ್ಟಕ್ಕಷ್ಟೆ. ಮಗ ಫಾರ್ಮುಲಾ ಹಾಲು ಕುಡಿಯುತ್ತಾನೆ, ರಾಗಿ ಸರಿ, ಮೊಸರನ್ನ ತಿನ್ನುತ್ತಾನೆ.

ಟ್ರಾವೆಲ್ ಏಜೆಂಟ್ "ಮಕ್ಕಳನ್ನ ಕ್ಲಬ್‌ನಲ್ಲಿ ಬಿಟ್ಟು ನೀವು ಆರಾಮಾಗಿರಿ, ಎಲ್ಲಾ ಫ್ರೀ" ಅಂತಾರೆ. ಅಷ್ಟು ಸುಲಭವಾ? ಯಾವ ವಯಸ್ಸಿಗೆ ಏನು ಸಿಗುತ್ತೆ, ಮೊದಲೇ ಏನು ಬುಕ್ ಮಾಡಬೇಕು, ಕಾಯಿಲೆ ಬಿದ್ದರೆ ಏನು ಗತಿ? ಗೊತ್ತಿರುವವರು ವಿವರವಾಗಿ ಹೇಳಿ.

ಡೆಕ್ ಹನ್ನೊಂದು

ಏಜೆಂಟ್ ಅರ್ಧ ಸತ್ಯ ಹೇಳಿದ್ದಾರೆ. ಫ್ರೀ ಇರುವುದು 3 ವರ್ಷ ತುಂಬಿದವರ ಕ್ಲಬ್ ಮಾತ್ರ. ಅದಕ್ಕಿಂತ ಚಿಕ್ಕವರದ್ದು ನರ್ಸರಿ, ಅದಕ್ಕೆ ಗಂಟೆ ಲೆಕ್ಕದಲ್ಲಿ ದುಡ್ಡು. ನಿಮ್ಮ ಇಬ್ಬರು ಮಕ್ಕಳೂ ಗೆರೆಯ ಆಚೆ ಒಬ್ಬರು, ಈಚೆ ಒಬ್ಬರು. ಹಾಗಾಗಿ ಇದನ್ನು ಎರಡು ಬೇರೆ ಬೇರೆ ಲೆಕ್ಕ ಅಂತಲೇ ನೋಡಿ.

ಮೊದಲು ಮಗಳದ್ದು. ರಾಯಲ್ ಕೆರಿಬಿಯನ್‌ನಲ್ಲಿ ಕ್ಲಬ್ಬಿನ ಹೆಸರು ಅಡ್ವೆಂಚರ್ ಓಷನ್. ಸೇರಿಸಿಕೊಳ್ಳಲು ಎರಡು ಷರತ್ತು: 3 ವರ್ಷ ತುಂಬಿರಬೇಕು, ಮತ್ತು ಟಾಯ್ಲೆಟ್ ತರಬೇತಿ ಪೂರ್ತಿ ಆಗಿರಬೇಕು. ವಯಸ್ಸನ್ನು ಪಾಸ್‌ಪೋರ್ಟ್ ನೋಡಿಯೇ ಲೆಕ್ಕ ಹಾಕುತ್ತಾರೆ, "ಇನ್ನೊಂದು ವಾರಕ್ಕೆ ತುಂಬುತ್ತೆ" ಅಂದರೆ ನಡೆಯೋಲ್ಲ. ಎರಡನೆಯದರಲ್ಲೇ ನಮ್ಮ ಕಡೆಯ ಮಕ್ಕಳು ಸಿಕ್ಕಿಬೀಳುವುದು. "ಪೂರ್ತಿ" ಅಂದರೆ ಡೈಪರ್ ಇಲ್ಲ, ಪುಲ್-ಅಪ್ ಚಡ್ಡಿಯೂ ಇಲ್ಲ, ಮಗು ತಾನೇ ಹೋಗಿ, ಬಟ್ಟೆ ಇಳಿಸಿ, ಮುಗಿಸಿ, ಒರೆಸಿಕೊಂಡು, ಕೈ ತೊಳೆದು ಬರಬೇಕು. ಸಿಬ್ಬಂದಿ ಸಹಾಯಕ್ಕೆ ಬರುವುದಿಲ್ಲ. ತೊಳೆಸುವ ಮಾತಂತೂ ದೂರ. ಅಲ್ಲಿ ನೀರಿನ ಪೈಪೂ ಇರುವುದಿಲ್ಲ, ಬರೀ ಟಿಶ್ಯೂ. ಚಡ್ಡಿ ಒದ್ದೆಯಾದರೆ ನಿಮಗೆ ಕರೆ ಬರುತ್ತೆ, ಮತ್ತೆ ಮತ್ತೆ ಆದರೆ ಸೇರಿಸಿಕೊಳ್ಳುವುದನ್ನೇ ನಿಲ್ಲಿಸುತ್ತಾರೆ.

ನಿಮಗೆ ಇನ್ನೂ ಸಮಯ ಇದೆ, ಈಗಿನಿಂದಲೇ ಶುರು ಮಾಡಿ:

– ಟಿಶ್ಯೂನಲ್ಲಿ ಒರೆಸಿಕೊಳ್ಳುವುದನ್ನು ಕನಿಷ್ಠ 6 ವಾರ ಮೊದಲು ಕಲಿಸಿ. ಹೆಣ್ಣುಮಗು, ಮುಂದಿನಿಂದ ಹಿಂದಕ್ಕೆ ಒರೆಸಬೇಕು. ರೂಮಿಗೆ ಬಂದ ಮೇಲೆ ತೊಳೆಯೋಣ ಅಂತ ಹೇಳಿಕೊಡಿ, ಇಲ್ಲದಿದ್ದರೆ ಒರೆಸಿದ್ದೇ ಸಾಕು ಅಂತ ಒಪ್ಪುವುದಿಲ್ಲ.
– ಗುಂಡಿ, ಜಿಪ್, ಬೆಲ್ಟ್ ಇರುವ ಪ್ಯಾಂಟ್ ಒಂದೂ ಬೇಡ. ಎಲಾಸ್ಟಿಕ್ ಮಾತ್ರ. ಫ್ರಾಕ್ ಹಾಕಿದರೆ ಮೊಣಕಾಲಿನ ಮೇಲೆ ನಿಲ್ಲುವಂಥದ್ದು.
– ಹಡಗಿನ ಫ್ಲಶ್ ವಿಮಾನದ್ದರಂತೆ ನಿರ್ವಾತದಲ್ಲಿ ಎಳೆಯುವಂಥದ್ದು, ಭಾರಿ ಸದ್ದು. ಅದಕ್ಕೆ ಹೆದರಿ ತಡೆದುಕೊಂಡು ಕೂತ ಮಕ್ಕಳಿಗೇ ಕ್ಲಬ್ಬಿನಲ್ಲಿ ಚಡ್ಡಿ ಒದ್ದೆಯಾಗುವುದು. ಮೊದಲ ದಿನ ನಿಮ್ಮ ರೂಮಿನಲ್ಲೇ ಮುಚ್ಚಳ ಹಾಕಿ, ಅವಳ ಕೈಯಲ್ಲೇ ನಾಲ್ಕೈದು ಸಲ ಒತ್ತಿಸಿ.

ರಾತ್ರಿ ಡೈಪರ್ ಬಗ್ಗೆ ಚಿಂತೆ ಬೇಡ, ರೂಮಿನಲ್ಲಿ ಮಲಗುವಾಗ ಹಾಕಿ. ಆದರೆ ಕ್ಲಬ್ಬಿನಲ್ಲೇ ನಿದ್ದೆ ಹೋಗುವಷ್ಟು ಹೊತ್ತು ಬಿಡಬೇಡಿ.

ಭಾಷೆ. ಸಿಬ್ಬಂದಿ ಹತ್ತಾರು ದೇಶದವರು, ಮಾತು ಇಂಗ್ಲಿಷ್. ಆಟಕ್ಕೆ ಭಾಷೆ ಅಡ್ಡಿ ಆಗೋಲ್ಲ, ಅಗತ್ಯಕ್ಕೆ ಆಗುತ್ತೆ. ಐದು ಮಾತು ಇಂಗ್ಲಿಷಿನಲ್ಲಿ ಕಲಿಸಿ: ಟಾಯ್ಲೆಟ್, ವಾಟರ್, ಪೇಯ್ನ್, ಮಮ್ಮಿ, ನೋ. ಜೊತೆಗೆ ಒಂದು ಚೀಟಿಯಲ್ಲಿ ಅವಳು ಬಳಸುವ ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಅರ್ಥದ ಸಮೇತ ಬರೆದು ಕೊಡಿ. ಸುಸು, ಕಕ್ಕ, ನೀರು, ಉವ್ವಾ, ಅಜ್ಜಿ, ಹೀಗೆ. ಮಗು "ನೀರು, ನೀರು" ಅಂತ ಅತ್ತರೆ ಫಿಲಿಪ್ಪೀನ್ಸಿನ ಹುಡುಗಿಗೆ ಹೇಗೆ ತಿಳಿಯಬೇಕು?

ನೋಂದಣಿ ಹಡಗು ಹತ್ತಿದ ದಿನ ಮಧ್ಯಾಹ್ನವೇ ತೆರೆದಿರುತ್ತೆ. ಅಲರ್ಜಿ, ಕಾಯಿಲೆ, ಯಾರು ಯಾರು ಮಗುವನ್ನು ಕರೆದೊಯ್ಯಬಹುದು ಎಂಬ ವಿವರ ಕೇಳುತ್ತಾರೆ. ಅಲ್ಲಿ ನಿಮ್ಮ ಅತ್ತೆಯ ಹೆಸರನ್ನೂ ಸೇರಿಸಲು ಮರೆಯಬೇಡಿ. ಪಟ್ಟಿಯಲ್ಲಿ ಇಲ್ಲದಿದ್ದರೆ ಸ್ವಂತ ಅಜ್ಜಿಯಾದರೂ ಕೊಡುವುದಿಲ್ಲ, ಕೊಡಲೂಬಾರದು. ಮಗುವಿನ ಕೈಗೆ ಪಟ್ಟಿ ಕಟ್ಟುತ್ತಾರೆ. ಅದರಲ್ಲಿ ತುರ್ತು ಹೊತ್ತಿನಲ್ಲಿ ನಿಮ್ಮ ಕುಟುಂಬ ಸೇರಬೇಕಾದ ಜಾಗದ ಸಂಕೇತವೂ ಇರುತ್ತೆ. ಸ್ನಾನಕ್ಕೂ ಬಿಚ್ಚುವಂತಿಲ್ಲ.

ಈಗ ಮಗನದ್ದು. 6 ತಿಂಗಳಿಂದ 36 ತಿಂಗಳವರೆಗೆ ನರ್ಸರಿ. ಇದು ಎಲ್ಲ ಹಡಗಿನಲ್ಲೂ ಇಲ್ಲ! ಕ್ವಾಂಟಮ್, ಓಯಸಿಸ್ ವರ್ಗದ ದೊಡ್ಡ ಹಡಗುಗಳಲ್ಲಿ ಇದೆ, ಹಳೆಯ ಚಿಕ್ಕ ಹಡಗುಗಳಲ್ಲಿ ಇರುವುದಿಲ್ಲ. ಆದ್ದರಿಂದ ಕಂಪನಿ ಹೆಸರು ನೋಡಿ ಬುಕ್ ಮಾಡಬೇಡಿ, ಆ ದಿನ ಹೊರಡುವ ಹಡಗಿನ ಹೆಸರು ಹಾಕಿ ನರ್ಸರಿ ಇದೆಯೇ ಎಂದು ಏಜೆಂಟರಿಂದ ಬರವಣಿಗೆಯಲ್ಲಿ ತರಿಸಿಕೊಳ್ಳಿ. ಇಲ್ಲಿ ಡೈಪರ್ ಬದಲಾಯಿಸುತ್ತಾರೆ, ಡೈಪರ್, ವೈಪ್ಸ್, ಹಾಲು, ಬದಲಿ ಬಟ್ಟೆ ನೀವೇ ಕೊಡಬೇಕು, ಎಲ್ಲದರ ಮೇಲೂ ಹೆಸರು ಬರೆದು. ಶೇಂಗಾ, ಗೋಡಂಬಿ ಸೇರಿದ ಯಾವುದನ್ನೂ ಚೀಲದಲ್ಲಿ ಇಡಬೇಡಿ, ಬೇರೆ ಮಗುವಿಗೆ ಅಲರ್ಜಿ ಇರಬಹುದು. ಸೀಟು ಕಡಿಮೆ. ರಜೆಯ ವಾರದಲ್ಲಿ ಹಡಗು ಹತ್ತಿದ ಎರಡು ಗಂಟೆಯೊಳಗೆ ಒಳ್ಳೆಯ ಸಮಯವೆಲ್ಲ ಹೋಗಿಬಿಡುತ್ತೆ. ಊಟಕ್ಕೆ ಬಫೆಗೆ ಓಡುವ ಮೊದಲು ನರ್ಸರಿಗೆ ಹೋಗಿ.

ಇನ್ನು ಯಾರೂ ಹೇಳದ ಒಂದು ವಿಷಯ: ಗಡಿಯಾರ. ಸಿಂಗಪುರ ನಮಗಿಂತ ಎರಡೂವರೆ ಗಂಟೆ ಮುಂದೆ. ಕ್ಲಬ್ಬು ಹಡಗು ಎಲ್ಲೂ ನಿಲ್ಲದ ದಿನ ಸಾಮಾನ್ಯವಾಗಿ ಬೆಳಿಗ್ಗೆ 9ರಿಂದ 12, ಮಧ್ಯಾಹ್ನ 2ರಿಂದ 5, ಸಂಜೆ 7ರಿಂದ 10. ಬೆಳಿಗ್ಗೆ 9 ಅಂದರೆ ಮಕ್ಕಳ ಮೈಗೆ ಇನ್ನೂ ಆರೂವರೆ, ಏಳುವುದೇ ಇಲ್ಲ. ಸಂಜೆ 7ರಿಂದ 10 ಅಂದರೆ ಅವರಿಗೆ ನಾಲ್ಕೂವರೆಯಿಂದ ಏಳೂವರೆ, ಒಳ್ಳೆ ಆಟದ ಹೊತ್ತು. ಅಮೆರಿಕದ ಬ್ಲಾಗುಗಳಲ್ಲಿ "ಬೆಳಗಿನ ಹೊತ್ತು ಬುಕ್ ಮಾಡಿ" ಅಂತ ಇರುತ್ತೆ, ನಮಗೆ ಅದು ತಿರುವುಮುರುವು. ಸಂಜೆಯದನ್ನೇ ಹಿಡಿಯಿರಿ. ನಾಲ್ಕು ರಾತ್ರಿಗೋಸ್ಕರ ಮಕ್ಕಳ ನಿದ್ದೆಯ ಹೊತ್ತನ್ನು ಬದಲಾಯಿಸಲು ಹೋಗಬೇಡಿ. ರಾತ್ರಿ 10ರ ನಂತರವೂ ಕ್ಲಬ್ ತೆರೆದಿರುತ್ತೆ, ಅದಕ್ಕೆ ಮಾತ್ರ ಗಂಟೆಗಿಷ್ಟು ಅಂತ ಶುಲ್ಕ.

ಗಾಂಧಿಬಜಾರ್ ಫಿಲ್ಟರ್

ಒಂದು ಭಿನ್ನಾಭಿಪ್ರಾಯ. 15 ತಿಂಗಳು ಅಂದರೆ ಅಮ್ಮನನ್ನು ಬಿಟ್ಟರೆ ಅಳುವ ವಯಸ್ಸಿನ ನಡುಮಧ್ಯ. ಡೇಕೇರ್‌ಗೆ ಹೋಗಿ ರೂಢಿ ಇಲ್ಲದ ಮಗು ಹೊಸ ಕೋಣೆ, ಹೊಸ ಮುಖ, ಹೊಸ ಭಾಷೆಗೆ ಒಗ್ಗಲು ಮೂರು ನಾಲ್ಕು ಸಲ ಬೇಕು. ಅಷ್ಟರಲ್ಲಿ ನಿಮ್ಮ ಕ್ರೂಸೇ ಮುಗಿದಿರುತ್ತೆ. ಅಳು ನಿಲ್ಲದಿದ್ದರೆ ಅವರು ಹತ್ತು ಹದಿನೈದು ನಿಮಿಷದಲ್ಲಿ ಕರೆಯುತ್ತಾರೆ, ನೀವು ನಾಟಕ ಬಿಟ್ಟು ಓಡಿ ಬರಬೇಕು.

ಅಜ್ಜಿ ಜೊತೆಗಿದ್ದಾರಲ್ಲ. ಅಜ್ಜಿಗೆ ಪಕ್ಕದ ರೂಮು ತೆಗೆದು, ನಡುವೆ ಬಾಗಿಲಿರುವ ಕನೆಕ್ಟಿಂಗ್ ಕೇಳಿ. ಮಗ ಅಜ್ಜಿ ಹತ್ತಿರ ಮಲಗಿದ ಮೇಲೆ ನೀವಿಬ್ಬರೂ ಹೊರಗೆ ಹೋಗಬಹುದು. ಹಾಗಂತ ಅಜ್ಜಿಯನ್ನು ದಿನವಿಡೀ ಆಯಾ ಮಾಡಬೇಡಿ ಮಾರಾಯ್ರೆ, ಅವರೂ ಹಡಗು ನೋಡಲೆಂದೇ ದುಡ್ಡು ಕೊಟ್ಟು ಬಂದಿರುವುದು.

ಡೆಕ್ ಹನ್ನೊಂದು

ಒಪ್ಪುತ್ತೇನೆ, ಆದರೆ ಪೂರ್ತಿ ಅಲ್ಲ. ಮೊದಲ ದಿನ ಒಂದು ಗಂಟೆ ಮಾತ್ರ, ಹೊಟ್ಟೆ ತುಂಬಿ ನಿದ್ದೆ ಮಾಡಿ ಎದ್ದ ಮೇಲೆ ಬಿಡಿ. ಒಗ್ಗಿದರೆ ಮರುದಿನ ಎರಡು ಗಂಟೆ. ಒಗ್ಗದಿದ್ದರೆ ಉಳಿದ ಬುಕಿಂಗ್ ರದ್ದು ಮಾಡಿ, ಎಷ್ಟು ಗಂಟೆ ಮೊದಲು ರದ್ದು ಮಾಡಿದರೆ ಶುಲ್ಕ ಬೀಳುವುದಿಲ್ಲ ಎಂದು ಬುಕ್ ಮಾಡುವಾಗಲೇ ಕೇಳಿಕೊಂಡಿರಿ. ಮನೆಯಲ್ಲಿ ಅವನು ಹೊದೆಯುವ ಒಗೆಯದ ದುಪ್ಪಟಿಯೋ ಅಮ್ಮನ ಹಳೇ ದುಪಟ್ಟಾವೋ ಜೊತೆಗಿರಲಿ, ವಾಸನೆಗೆ ಸಮಾಧಾನ ಆಗುತ್ತೆ.

ಮಗು ಮಲಗಿದೆ, ಮೊಬೈಲ್ ಮಾನಿಟರ್ ಇಟ್ಟು ಕೆಳಗೆ ಊಟಕ್ಕೆ ಹೋಗೋಣ ಅನ್ನುವ ಯೋಚನೆ ಮಾತ್ರ ಯಾರೂ ಮಾಡಬೇಡಿ. ಗೋಡೆಗಳೆಲ್ಲ ಉಕ್ಕು, ಸಿಗ್ನಲ್ ದಾಟುವುದಿಲ್ಲ. ಸಿಗ್ನಲ್ ದಾಟಿದರೂ ತುರ್ತು ಸೈರನ್ ಆದಾಗ ನಿಮಗೂ ಮಗುವಿಗೂ ಮಧ್ಯೆ ಎಂಟು ಅಂತಸ್ತು ಇರುತ್ತೆ.

ಮಕ್ಕಳ ವೈದ್ಯ, ಹುಬ್ಬಳ್ಳಿ

ಕಾಯಿಲೆ ಬಗ್ಗೆ ನಾ ಹೇಳ್ತೀನಿ ನೋಡ್ರಿ. ನಿಮ್ಮ ಮಕ್ಕಳನ್ನು ನೋಡುವ ಡಾಕ್ಟರಿಗೆ ಒಮ್ಮೆ ತೋರಿಸಿಯೇ ಹೊರಡಿ, ಇದು ಅವರ ಬದಲಿಗೆ ಅಲ್ಲ.

ಮೊದಲು ಲಸಿಕೆ. ನಮ್ಮ ಐಎಪಿ (ಭಾರತದ ಮಕ್ಕಳ ವೈದ್ಯರ ಸಂಘ) ಪಟ್ಟಿಯಲ್ಲಿ ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ ಲಸಿಕೆ) 9 ತಿಂಗಳಿಗೆ ಒಂದು, 15 ತಿಂಗಳಿಗೆ ಇನ್ನೊಂದು. ನಿಮ್ಮ ಮಗನ ಎರಡನೇ ಡೋಸ್ ಸರಿಯಾಗಿ ಪ್ರಯಾಣದ ಹೊತ್ತಿಗೇ ಬರುತ್ತೆ. ತೊಂದರೆ ಏನಂದರೆ ಎಂಎಂಆರ್ ಜ್ವರ ಅವತ್ತೇ ಬರೋದಿಲ್ಲ, 6ರಿಂದ 12ನೇ ದಿನದ ನಡುವೆ ಬರುತ್ತೆ. ಹೊರಡುವ ವಾರದ ಹಿಂದೆ ಹಾಕಿಸಿದರೆ ಹಡಗಿನ ಮೇಲೆ ಸರಿಯಾಗಿ ಜ್ವರ. ಜ್ವರ ಇದ್ದ ಮಗುವಿಗೆ ನರ್ಸರಿ ಬಾಗಿಲು ಬಂದ್. ಆದ್ದರಿಂದ ಮೂರು ವಾರ ಮೊದಲೇ ಹಾಕಿಸಬಹುದೇ ಎಂದು ಕೇಳಿ. ಫ್ಲೂ ಲಸಿಕೆ ಇಬ್ಬರಿಗೂ, ಎರಡು ವಾರ ಮೊದಲು. ಚಿಕ್ಕವನು ಜೀವನದಲ್ಲಿ ಮೊದಲ ಸಲ ಹಾಕಿಸಿಕೊಳ್ಳುತ್ತಿದ್ದರೆ 4 ವಾರದ ಅಂತರದಲ್ಲಿ ಎರಡು ಡೋಸ್ ಬೇಕು, ಅಕ್ಟೋಬರಿನಲ್ಲೇ ಶುರು ಮಾಡಿ.

ಸಮುದ್ರದ ವಾಂತಿ. ಎರಡು ವರ್ಷದೊಳಗಿನ ಮಕ್ಕಳಿಗೆ ಇದು ಬರುವುದೇ ಅಪರೂಪ. ಎರಡರಿಂದ ಹನ್ನೆರಡರವರಿಗೆ ಹೆಚ್ಚು. ಅಂದರೆ ಎಚ್ಚರಿಕೆ ಬೇಕಾದ್ದು ಮಗಳಿಗೆ. ಪೆನಾಂಗ್–ಫುಕೆಟ್ ದಾರಿ ಮಲಾಕಾ ಜಲಸಂಧಿಯೊಳಗೆ, ಎರಡೂ ಕಡೆ ನೆಲದ ಮರೆ ಇರುವುದರಿಂದ ಅಲೆ ಕಡಿಮೆ. ಡಿಸೆಂಬರಿನಲ್ಲಿ ಈಶಾನ್ಯ ಮಾರುತ ಬೀಸುವುದು ಆ ಕಡೆ, ದಕ್ಷಿಣ ಚೀನಾ ಸಮುದ್ರದಲ್ಲಿ. ವಿಯೆಟ್ನಾಂ ಕಡೆ ಹೋಗುವ ಹಡಗು ಆರಿಸದೆ ಇದನ್ನು ಆರಿಸಿದ್ದು ಒಳ್ಳೆಯದಾಯಿತು.

ಔಷಧದಲ್ಲಿ ನಮ್ಮ ಜನ ಮಾಡುವ ತಪ್ಪು ಮೂರು.

ಒಂದು, ಪ್ರಯಾಣದ ವಾಂತಿಗೆ ಕೊಡುವ ಆವೋಮಿನ್ ಮಾತ್ರೆ. ಅದರಲ್ಲಿರುವುದು ಪ್ರೊಮೆಥಜಿನ್, ಎರಡು ವರ್ಷದೊಳಗಿನ ಮಗುವಿಗೆ ಕೊಡಲೇಬಾರದು, ಉಸಿರಾಟ ಕುಗ್ಗುತ್ತೆ. "ಕಾಲು ಮಾತ್ರೆ ಕೊಟ್ಟರೆ ಏನಾಗುತ್ತೆ" ಅಂತ ಕೇಳಬೇಡಿ.

ಎರಡು, ಒಂಡಾನ್ಸೆಟ್ರಾನ್ ಸಿರಪ್ ಒಯ್ದು ಧೈರ್ಯವಾಗಿರುವುದು. ಅದು ಹೊಟ್ಟೆ ಸೋಂಕಿನ ವಾಂತಿಗೆ ಉಪಯೋಗ, ಪ್ರಯಾಣದ ವಾಂತಿಯನ್ನು ತಡೆಯುವುದಿಲ್ಲ. ಮಗಳಿಗೆ ಬೇಕಾದರೆ ಡೈಮೆನ್‌ಹೈಡ್ರಿನೇಟ್, ಎರಡು ವರ್ಷದ ಮೇಲೆ ಕೊಡಬಹುದು. ತೂಕ ನೋಡಿ ಪ್ರಮಾಣ ಡಾಕ್ಟರೇ ಬರೆಯಲಿ. ಮನೆಯಲ್ಲೊಮ್ಮೆ ಕೊಟ್ಟು ನೋಡಿ, ಕೆಲವು ಮಕ್ಕಳಿಗೆ ನಿದ್ದೆ ಬರುವ ಬದಲು ಭೂತ ಹೊಕ್ಕಂತೆ ಕುಣಿತ ಬರುತ್ತೆ.

ಮೂರು, ಪ್ಯಾರಾಸಿಟಮಾಲ್. ನಮ್ಮಲ್ಲಿ 5 ಎಂಎಲ್‌ಗೆ 120 ಮಿಗ್ರಾಂ ಒಂದು ಬಾಟ್ಲಿ, 250 ಮಿಗ್ರಾಂ ಇನ್ನೊಂದು. ಒಂದು ಸಲಕ್ಕೆ ಕೆಜಿಗೆ 15 ಮಿಗ್ರಾಂ. 10 ಕೆಜಿ ಮಗುವಿಗೆ 150 ಮಿಗ್ರಾಂ, ಅಂದರೆ 250ರ ಬಾಟ್ಲಿಯಲ್ಲಿ 3 ಎಂಎಲ್, 120ರ ಬಾಟ್ಲಿಯಲ್ಲಿ ಸುಮಾರು 6 ಎಂಎಲ್. ಎರಡನ್ನೂ ಒಯ್ದು ಅರೆನಿದ್ದೆಯಲ್ಲಿ ಅದಲುಬದಲು ಮಾಡುವುದಕ್ಕಿಂತ ಒಂದೇ ಒಯ್ಯಿರಿ, ಬಾಟ್ಲಿ ಮೇಲೆ ಪ್ರತಿ ಮಗುವಿನ ಹೆಸರು, ಎಂಎಲ್ ಬರೆದಿಡಿ.

ವಾಂತಿ ಭೇದಿ. ಹಡಗಿನಲ್ಲಿ ಭಯ ಇರುವುದು ನೊರೋವೈರಸ್ಸಿನದು. ಬಾಗಿಲಲ್ಲಿ ಸ್ಯಾನಿಟೈಜರ್ ಇಟ್ಟಿರುತ್ತಾರೆ, ಆದರೆ ಈ ವೈರಸ್ಸಿಗೆ ಆಲ್ಕೋಹಾಲ್ ಸರಿಯಾಗಿ ನಾಟುವುದಿಲ್ಲ. ಸೋಪು, ನೀರು, 20 ಸೆಕೆಂಡ್, ಕ್ಲಬ್ಬಿನಿಂದ ಹೊರಬಂದ ಕೂಡಲೇ ಮತ್ತು ಊಟಕ್ಕೆ ಮೊದಲು. ಭೇದಿಯಾದದ್ದನ್ನು ಮುಚ್ಚಿಟ್ಟು ಮಗುವನ್ನು ಕ್ಲಬ್ಬಿಗೆ ಬಿಡಬೇಡಿ. ಓಆರ್‌ಎಸ್ ಪೊಟ್ಟಣ ಆರೇಳು ಒಯ್ಯಿರಿ, ಡಬ್ಲ್ಯುಎಚ್‌ಓ ಸೂತ್ರ ಎಂದು ಬರೆದಿದ್ದು. ದೊಡ್ಡ ಪೊಟ್ಟಣ ಪೂರ್ತಿ ಒಂದು ಲೀಟರಿಗೆ, ಚಿಕ್ಕದು 200 ಎಂಎಲ್‌ಗೆ. ಅರ್ಧ ಲೀಟರಿಗೆ ಪೂರ್ತಿ ಸುರಿದರೆ ಉಪ್ಪು ಹೆಚ್ಚಾಗಿ ಅನಾಹುತ. ಪ್ರತಿ ಸಲ ಭೇದಿಯಾದಾಗ ಮಗನಿಗೆ 50ರಿಂದ 100 ಎಂಎಲ್, ಮಗಳಿಗೆ 100ರಿಂದ 200, ಚಮಚದಲ್ಲಿ. ವಾಂತಿಯಾದರೆ ಹತ್ತು ನಿಮಿಷ ತಡೆದು ಮತ್ತೆ ನಿಧಾನಕ್ಕೆ. ಆರು ಗಂಟೆ ಮೂತ್ರ ಆಗದಿದ್ದರೆ, ಮಂಕಾದರೆ ಹಡಗಿನ ಆಸ್ಪತ್ರೆಗೆ ಹೋಗಿ. ಅಲ್ಲಿನ ಬಿಲ್ಲು ಡಾಲರಿನಲ್ಲಿ ನೇರ ನಿಮ್ಮ ರೂಮಿನ ಲೆಕ್ಕಕ್ಕೆ ಬೀಳುತ್ತೆ. ಟ್ರಾವೆಲ್ ಇನ್ಶೂರೆನ್ಸ್ ತೆಗೆಯುವಾಗ ಕ್ರೂಸ್ ಸೇರಿದೆಯೇ ಎಂದು ಪಾಲಿಸಿಯಲ್ಲೇ ಓದಿಕೊಳ್ಳಿ.

ಕ್ಲಬ್ ಸಿಬ್ಬಂದಿ ಔಷಧ ಕುಡಿಸುವುದಿಲ್ಲ ಎಂದೇ ಇಟ್ಟುಕೊಳ್ಳಿ. ಡೋಸಿನ ಹೊತ್ತು ನೋಡಿಕೊಂಡು ಬಿಡಿ.

ಮಲ್ಲೇಶ್ವರದ ಅಮ್ಮ

ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಗಡಿಯಾರದ ಲೆಕ್ಕ ಹೊಳೆದೇ ಇರಲಿಲ್ಲ. ಇನ್ನೂ ಮೂರು: ಚಿಕ್ಕ ಎಲೆಕ್ಟ್ರಿಕ್ ಕೆಟಲ್ ಒಯ್ಯಬಹುದಾ? ಈಜು ಡೈಪರ್ ಹಾಕಿದರೆ ಮಗನನ್ನು ಪೂಲಿಗೆ ಇಳಿಸಬಹುದಾ? ಬಾಲ್ಕನಿ ರೂಮು ಮಕ್ಕಳಿಗೆ ಅಪಾಯವಾ?

ಕಡಲ ಕಸುಬು

ನಮ್ಮ ಕರಾವಳಿಯ ಹುಡುಗರು ಎಷ್ಟೋ ಮಂದಿ ಇಂಥ ಹಡಗುಗಳ ಹೋಟೆಲ್ ವಿಭಾಗದಲ್ಲೇ ಕೆಲಸಕ್ಕಿರುವುದು. ಕನ್ನಡವೋ ತುಳುವೋ ಕಿವಿಗೆ ಬಿದ್ದರೆ ಆಶ್ಚರ್ಯ ಪಡಬೇಡಿ. ಈಗ ಉತ್ತರ.

ಕೆಟಲ್ ಬೇಡ. ಕಾಯಿಸುವ ತಂತಿ ಇರುವ ಯಾವ ವಸ್ತುವೂ ಹತ್ತುವಾಗ ಎಕ್ಸ್‌ರೇನಲ್ಲಿ ಸಿಕ್ಕಿ ಜಪ್ತಿ ಆಗುತ್ತೆ: ಕೆಟಲ್, ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕಾಯಿಲ್, ಪುಟ್ಟ ಕುಕ್ಕರ್. ಎಕ್ಸ್‌ಟೆನ್ಷನ್ ಬೋರ್ಡೂ ಸೇರಿ. ಕಾರಣ ಬೆಂಕಿ. ನಡು ಸಮುದ್ರದಲ್ಲಿ ಅಗ್ನಿಶಾಮಕ ದಳ ಬರುವುದಿಲ್ಲ. ಬದಲಿಗೆ ಒಂದು ಲೀಟರಿನ ಒಳ್ಳೆಯ ಸ್ಟೀಲ್ ಫ್ಲಾಸ್ಕ್ ಒಯ್ಯಿರಿ, ಬಫೆಯ ಚಹಾ ಜಾಗದಲ್ಲಿ ಬಿಸಿನೀರು ತುಂಬಿಸಿಕೊಳ್ಳಿ. ಫಾರ್ಮುಲಾ ಪುಡಿ ಕ್ರಿಮಿರಹಿತ ಅಲ್ಲ, ಆದ್ದರಿಂದ ನೀರು 70 ಡಿಗ್ರಿಗಿಂತ ಕಮ್ಮಿ ಇರಬಾರದು. ಕಲಸಿ, ಬಾಟಲಿಯನ್ನು ನಲ್ಲಿ ನೀರಿನ ಕೆಳಗೆ ಹಿಡಿದು ಆರಿಸಿ, ಎರಡು ಗಂಟೆಯೊಳಗೆ ಕುಡಿಸದಿದ್ದರೆ ಚೆಲ್ಲಿ. ಬೆಳಿಗ್ಗೆ ತುಂಬಿದ ಫ್ಲಾಸ್ಕ್ ಸಂಜೆಗೆ ಅಷ್ಟು ಬಿಸಿ ಇರುವುದಿಲ್ಲ, ದಿನಕ್ಕೆ ಎರಡು ಮೂರು ಸಲ ತುಂಬಬೇಕು.

ಮನೆಯಲ್ಲಿ ಮಾಡಿದ ರಾಗಿ ಸರಿ ಪುಡಿಯನ್ನು ಡಬ್ಬದಲ್ಲಿ ಒಯ್ದರೆ ಹತ್ತುವಾಗ ತಕರಾರು ಬರಬಹುದು, ಹೊರಗಿನ ಬೇಯಿಸಿದ ಆಹಾರಕ್ಕೆ ಅನುಮತಿ ಇಲ್ಲ. ಸೀಲ್ ಆದ ಕಂಪನಿ ಪ್ಯಾಕೆಟ್ ತಗೊಳ್ಳಿ, ಫಾರ್ಮುಲಾ ಡಬ್ಬವೂ ಸೀಲ್ ಒಡೆಯದ್ದೇ ಇರಲಿ. ಅನ್ನ, ಬೇಳೆ, ಮೊಸರು ಹಡಗಿನಲ್ಲಿ ಸಿಗುತ್ತೆ. ಮೊದಲ ರಾತ್ರಿ ಊಟದ ಮೇಜಿನ ಮೇಲ್ವಿಚಾರಕರಿಗೆ "ನಾಳೆಯಿಂದ ದಿನಾ ಒಂದು ಬಟ್ಟಲು ಬಿಳಿ ಅನ್ನ, ಸಪ್ಪೆ ಮೊಸರು, ಖಾರವಿಲ್ಲದ ಬೇಳೆ" ಎಂದು ಹೇಳಿಟ್ಟರೆ ನೀವು ಕೂರುವ ಮೊದಲೇ ಬರುತ್ತೆ. "ಸಪ್ಪೆ" ಎಂಬುದನ್ನು ಒತ್ತಿ ಹೇಳಿ, ಇಲ್ಲದಿದ್ದರೆ ಹಣ್ಣಿನ ಸಿಹಿ ಮೊಸರು ತಂದಿಡುತ್ತಾರೆ.

ಪೂಲ್: ಇಲ್ಲ. ಈಜು ಡೈಪರ್ ಹಾಕಿದ್ದರೂ ಇಲ್ಲ, ಬಿಸಿನೀರಿನ ತೊಟ್ಟಿಗೂ ಇಲ್ಲ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿಯು ಹಡಗುಗಳಿಗೆ ಮಾಡಿದ ನೈರ್ಮಲ್ಯ ನಿಯಮ ಇದು, ರಾಯಲ್ ಕೆರಿಬಿಯನ್ ತನ್ನ ಎಲ್ಲ ಹಡಗಿನಲ್ಲೂ ಹೀಗೇ ನಡೆಸುತ್ತೆ. ಈಜು ಡೈಪರ್ ಗಟ್ಟಿಯಾದ್ದನ್ನಷ್ಟೇ ಹಿಡಿಯುತ್ತೆ, ಕ್ರಿಮಿಯನ್ನಲ್ಲ. ಕ್ರಿಪ್ಟೋಸ್ಪೊರಿಡಿಯಂ ಎಂಬ ಭೇದಿ ಪರಾವಲಂಬಿ ಸರಿಯಾದ ಕ್ಲೋರಿನ್ ಇರುವ ನೀರಿನಲ್ಲೂ ವಾರ ಕಳೆದು ಬದುಕಿರುತ್ತೆ. ಒಂದು ಮಗುವಿನಿಂದ ಪೂಲೇ ಬಂದ್. ಡೈಪರ್ ಮಕ್ಕಳಿಗೆಂದೇ ಬೇರೆ ನೀರಿನ ವ್ಯವಸ್ಥೆ ಇರುವ ಆಟದ ಜಾಗ ಕೆಲವು ಹಡಗಿನಲ್ಲಿದೆ, ಅಲ್ಲಿ ಈಜು ಡೈಪರ್ ಕಡ್ಡಾಯ. ಅದು ಇದೆಯೇ ಎಂದೂ ನರ್ಸರಿ ಜೊತೆಗೇ ವಿಚಾರಿಸಿ.

ಬಾಲ್ಕನಿ: ಬಾಗಿಲಿನ ಚಿಲಕ ಎತ್ತರದಲ್ಲಿರುತ್ತೆ, ಬಾಗಿಲು ಭಾರ. ಅಪಾಯ ಕಂಬಿಯಿಂದ ಅಲ್ಲ, ಕುರ್ಚಿಯಿಂದ. ಮೂರು ವರ್ಷದ ಮಗು ಕುರ್ಚಿ ಎಳೆದು ಹತ್ತುತ್ತೆ. ಮೊದಲ ದಿನವೇ ರೂಮ್ ಅಟೆಂಡೆಂಟಿಗೆ ಹೇಳಿ ಬಾಲ್ಕನಿಯ ಕುರ್ಚಿ, ಮೇಜು ಎರಡನ್ನೂ ಅಲ್ಲಿಂದ ತೆಗೆಸಿಬಿಡಿ. ಮನಸ್ಸಿಗೆ ಹೆದರಿಕೆ ಇದ್ದರೆ ತೆರೆಯದ ಕಿಟಕಿಯ ರೂಮು ತಗೊಳ್ಳಿ, ಹಣವೂ ಉಳಿಯುತ್ತೆ.

ರೂಮು ಎಲ್ಲಿ ಎಂಬುದು ಅದಕ್ಕಿಂತ ಮುಖ್ಯ. ಹಡಗಿನ ನಡುಭಾಗ, ಕೆಳಗಿನ ಅಂತಸ್ತು, ಅಲ್ಲಿ ತೂಗಾಟ ಕಡಿಮೆ. ಪೂಲಿನ ಕೆಳಗಿನ ಅಂತಸ್ತು ಬೇಡ, ಬೆಳಗಿನ ಜಾವ ಕುರ್ಚಿ ಎಳೆಯುವ ಸದ್ದಿಗೆ ಮಗ ಏಳುತ್ತಾನೆ. ತೀರಾ ತುದಿಗಳೂ ಬೇಡ, ಬಂದರಿಗೆ ಹತ್ತಿರವಾಗುವಾಗ ಹಡಗನ್ನು ಅಡ್ಡಕ್ಕೆ ತಳ್ಳುವ ಯಂತ್ರಗಳು ಗಡಗಡ ಅನ್ನುತ್ತವೆ. ಮಗುವಿನ ಮಡಚುವ ತೊಟ್ಟಿಲು ಬೇಕೆಂದು ಬುಕಿಂಗಿನಲ್ಲೇ ಬರೆಸಿ, ಎಣಿಕೆಯವು ಇರುತ್ತವೆ. ಅದು ಹಾಕಿದ ಮೇಲೆ ರೂಮಿನಲ್ಲಿ ಓಡಾಡಲು ಒಂದು ಕಾಲ್ದಾರಿ ಉಳಿಯುತ್ತೆ, ಅಷ್ಟೆ.

ತಳ್ಳುಗಾಡಿ ಛತ್ರಿಯಂತೆ ಮಡಚುವಂಥದ್ದೇ ಆಗಬೇಕು. ರೂಮಿನ ಬಾಗಿಲು ಸುಮಾರು ಎರಡು ಅಡಿ ಅಗಲ, ಅವಳಿ ಗಾಡಿ ಒಳಗೆ ಬರುವುದಿಲ್ಲ, ಹೊರಗಿನ ಓಣಿಯಲ್ಲಿ ಬಿಡಲು ಬಿಡುವುದಿಲ್ಲ, ಅದು ಬೆಂಕಿಯಾದಾಗ ಓಡುವ ದಾರಿ. ಫುಕೆಟ್‌ನ ಪಾಟಾಂಗ್‌ನಲ್ಲಿ ದೊಡ್ಡ ಹಡಗು ದೂರದಲ್ಲೇ ಲಂಗರು ಹಾಕಿ ಚಿಕ್ಕ ದೋಣಿಯಲ್ಲಿ ಇಳಿಸುವುದುಂಟು, ಗಾಡಿ ಮಡಚಿ ಮಗುವನ್ನು ಎತ್ತಿಕೊಂಡು ದಾಟಬೇಕು. ಎದೆಗೆ ಕಟ್ಟುವ ಕ್ಯಾರಿಯರ್ ಒಂದಿರಲಿ. ಪೆನಾಂಗಿನಲ್ಲಿ ಸ್ವೆಟ್ಟನ್‌ಹ್ಯಾಮ್ ಕಟ್ಟೆಯಿಂದ ಜಾರ್ಜ್‌ಟೌನಿಗೆ ನಡೆದೇ ಹೋಗಬಹುದು, ಅಲ್ಲಿ ಗಾಡಿ ಉಪಯೋಗಕ್ಕೆ ಬರುತ್ತೆ.

ಲೈಫ್ ಜಾಕೆಟ್. ಇದನ್ನು ಯಾರೂ ನೋಡುವುದಿಲ್ಲ, ನೀವು ನೋಡಿ. ಅಂತರರಾಷ್ಟ್ರೀಯ ನಿಯಮದಲ್ಲಿ ಮೂರು ಅಳತೆ: 15 ಕೆಜಿಗಿಂತ ಕಮ್ಮಿ ಇರುವ ಶಿಶುವಿಗೆ ಒಂದು, 15ರಿಂದ 43 ಕೆಜಿ ಮಗುವಿಗೆ ಇನ್ನೊಂದು, ದೊಡ್ಡವರದ್ದು ಮತ್ತೊಂದು. 24 ಗಂಟೆ ಮೀರಿದ ಪ್ರಯಾಣದಲ್ಲಿ ಹಡಗಿನಲ್ಲಿರುವ ಪ್ರತಿ ಶಿಶುವಿಗೂ ಶಿಶು ಜಾಕೆಟ್ ಇರಲೇಬೇಕು. ನಿಮ್ಮ ಮಗಳು ಮೂರು ವರ್ಷದವಳಾದರೂ 13 ಕೆಜಿ ಇದ್ದರೆ ಅವಳಿಗೂ ಶಿಶು ಅಳತೆಯೇ. ಹತ್ತಿದ ದಿನ ಇಬ್ಬರ ತೂಕ ಹೇಳಿ, ಜಾಕೆಟ್ ಎಲ್ಲಿ ಸಿಗುತ್ತೆ ಎಂದು ಕೇಳಿ, ಒಮ್ಮೆ ಹಾಕಿ ನೋಡಿ. ಮಗಳು ಕ್ಲಬ್ಬಿನಲ್ಲಿದ್ದಾಗ ಸೈರನ್ ಆದರೆ ಅವಳನ್ನು ಎಲ್ಲಿಗೆ ತರುತ್ತಾರೆ ಎಂದು ಕ್ಲಬ್ಬಿನಲ್ಲೇ ಕೇಳಿ ಖಚಿತ ಮಾಡಿಕೊಳ್ಳಿ. ಗೊತ್ತಿಲ್ಲದ ತಂದೆತಾಯಿ ಮೆಟ್ಟಿಲ ಮೇಲೆ ಜನಪ್ರವಾಹಕ್ಕೆ ಎದುರಾಗಿ ಓಡುತ್ತಾರೆ.

ಮತ್ತೆ, ವೈಪ್ಸ್, ಡೈಪರ್ ಯಾವುದನ್ನೂ ಕಮೋಡಿಗೆ ಹಾಕಬೇಡಿ. ಒಂದು ವೈಪ್ ಸಿಕ್ಕಿಕೊಂಡರೆ ನಿಮ್ಮದಷ್ಟೇ ಅಲ್ಲ, ಸಾಲಿನ ಹತ್ತಾರು ರೂಮಿನ ಫ್ಲಶ್ ನಿಲ್ಲುತ್ತೆ. ಸ್ನಾನಕ್ಕೆ ಷವರ್ ಮಾತ್ರ, ಬಕೆಟ್ ಇಲ್ಲ. ಗಾಳಿ ತುಂಬುವ ಚಿಕ್ಕ ಟಬ್, ಒಂದು ಪ್ಲಾಸ್ಟಿಕ್ ಚೊಂಬು ಸೂಟ್‌ಕೇಸಿಗೆ ಹಾಕಿ. ಚೊಂಬು ಯಾಕೆ ಅಂತ ನಮ್ಮವರಿಗೆ ಹೇಳಬೇಕಿಲ್ಲ.

ಬಿಷಾನ್ ಬಸ್‌ಸ್ಟಾಪ್

ಸಿಂಗಪುರದ ಕಡೆಯಿಂದ ಎರಡು ಮಾತು. ವೀಸಾ ಮಲ್ಟಿಪಲ್ ಎಂಟ್ರಿ ಆಗಿರಬೇಕು, ಹಡಗು ಹತ್ತಿದರೆ ದೇಶ ಬಿಟ್ಟ ಹಾಗೆ, ಇಳಿದರೆ ಮತ್ತೆ ಒಳಬಂದ ಹಾಗೆ. ಸಿಂಗಪುರದ ಅರೈವಲ್ ಕಾರ್ಡನ್ನು ಬರುವ ದಿನವೂ ಸೇರಿ ಮೂರು ದಿನದೊಳಗೆ ಆನ್‌ಲೈನಿನಲ್ಲಿ ತುಂಬಬೇಕು, ಕೂಸಿಗೂ ಪ್ರತ್ಯೇಕ. ವಿಮಾನಕ್ಕೆ ಒಂದು ಸಲ, ಹಡಗಿನಿಂದ ವಾಪಸ್ ಬರುವಾಗ ಇನ್ನೊಂದು ಸಲ. ಎರಡನೆಯದನ್ನು ಮರೆತು ಹಡಗಿನ ದುಬಾರಿ ವೈಫೈ ಕೊಂಡು ತುಂಬುವವರು ಬಹಳ. ಮಲೇಷ್ಯಾ, ಥಾಯ್ಲೆಂಡ್ ನಿಯಮ ಆಗಾಗ ಬದಲಾಗುತ್ತೆ, ಹೊರಡುವ ವಾರ ಅವರವರ ಸರ್ಕಾರಿ ತಾಣ ನೋಡಿ.

ಬೆಂಗಳೂರಿನ ರಾತ್ರಿ ವಿಮಾನದಲ್ಲಿ ಬೆಳಿಗ್ಗೆ ಇಳಿದು ಅವತ್ತೇ ಹಡಗು ಹತ್ತುವ ಪ್ಲ್ಯಾನ್ ಬೇಡ. ವಿಮಾನ ತಡವಾದರೆ ಹಡಗು ಕಾಯುವುದಿಲ್ಲ. ಹಿಂದಿನ ದಿನವೇ ಬಂದು ಒಂದು ರಾತ್ರಿ ಮಲಗಿ.

ಮಲ್ಲೇಶ್ವರದ ಅಮ್ಮ

ಅಯ್ಯೋ, ಏಜೆಂಟ್ ಸರಿಯಾಗಿ ಅದೇ ಬೆಳಗಿನ ವಿಮಾನ ಹಾಕಿದ್ದರು! ಬದಲಾಯಿಸಲು ಹೇಳುತ್ತೇನೆ. ಕೊನೇ ಪ್ರಶ್ನೆ: ಹಡಗು ಪೆನಾಂಗಿನಲ್ಲಿ ನಿಂತಾಗ ಮಗಳನ್ನು ಕ್ಲಬ್ಬಿನಲ್ಲಿ ಬಿಟ್ಟು ನಾವಿಬ್ಬರೂ ಇಳಿಯಬಹುದಾ? ಡಿಸ್ನಿಯದ್ದು ಚೆನ್ನಾಗಿದೆ ಅಂತಾರೆ, ಅದನ್ನು ನೋಡಬೇಕಾ?

ಡೆಕ್ ಹನ್ನೊಂದು

ಇಳಿಯುವ ಬಗ್ಗೆ: ನಿಯಮ ಏನೇ ಇರಲಿ, ಪಟ್ಟಿಯಲ್ಲಿ ಹೆಸರಿರುವ ಒಬ್ಬ ದೊಡ್ಡವರು ಹಡಗಿನಲ್ಲೇ ಇರಿ. ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ಹಡಗು ತಪ್ಪಿದರೆ ಮಗು ಹಡಗಿನ ಮೇಲೆ, ನೀವು ದಡದ ಮೇಲೆ.

ಡಿಸ್ನಿ: ಸಿಂಗಪುರದಿಂದ ಹೊರಡುವ ಡಿಸ್ನಿ ಅಡ್ವೆಂಚರ್ 3–4 ರಾತ್ರಿಯದ್ದು, ಬಂದರಿನಲ್ಲಿ ನಿಲ್ಲುವುದಿಲ್ಲ, ಇಡೀ ಪ್ರವಾಸ ಹಡಗಿನಲ್ಲೇ. ನಿಮ್ಮಂಥ ಚಿಕ್ಕ ಮಕ್ಕಳವರಿಗೆ ಅದು ದೋಷ ಅಲ್ಲ, ಲಾಭ, ಇಳಿಯುವ ಹತ್ತುವ ಗೋಜಿಲ್ಲ. ಅವರಲ್ಲೂ 3 ವರ್ಷ, ಟಾಯ್ಲೆಟ್ ತರಬೇತಿ ಎರಡೂ ಷರತ್ತು ಇವೆ, 6 ತಿಂಗಳಿನಿಂದ 3 ವರ್ಷದವರಿಗೆ ಶುಲ್ಕದ ನರ್ಸರಿ. ಅಮೆರಿಕದ ಅವರ ಹಡಗುಗಳಲ್ಲಿ ಗಂಟೆಗೆ ಮೊದಲ ಮಗುವಿಗೆ 9 ಡಾಲರ್, ಎರಡನೆಯದಕ್ಕೆ 8 ಇತ್ತು. ಬೆಲೆ ಒಟ್ಟಾರೆ ದುಬಾರಿ. ಫುಕೆಟ್ ನೋಡಲೇಬೇಕು ಅಂತ ಇದ್ದರೆ ಮೊದಲಿನದ್ದೇ ಇರಲಿ.

ಅಮೆರಿಕದಲ್ಲಿರುವ ನಮ್ಮವರು ಯಾರಾದರೂ ಇದನ್ನು ಓದುತ್ತಿದ್ದರೆ: ಕಾರ್ನಿವಲ್ ಎಂಬ ಇನ್ನೊಂದು ಕ್ರೂಸ್ ಕಂಪನಿಯ ಕ್ಲಬ್ 2 ವರ್ಷದಿಂದಲೇ ಸೇರಿಸಿಕೊಳ್ಳುತ್ತೆ, ಡೈಪರ್ ಇದ್ದರೂ ನಡೆಯುತ್ತೆ, ಅವರೇ ಬದಲಾಯಿಸುತ್ತಾರೆ. ಎರಡರಿಂದ ಮೂರರ ನಡುವಿನ ಮಗು ಇರುವವರಿಗೆ ಅದೊಂದು ದೊಡ್ಡ ವ್ಯತ್ಯಾಸ.

ನೀವು ಮಾತ್ರ ಟಿಶ್ಯೂ ಅಭ್ಯಾಸ ಈ ವಾರವೇ ಶುರು ಮಾಡಿ. ನವೆಂಬರ್ ಕೊನೆಗೂ ಆಗದಿದ್ದರೆ ಮಗಳನ್ನು ಕ್ಲಬ್ಬಿಗೆ ಬಿಡುವ ಲೆಕ್ಕ ಬಿಟ್ಟು, ಆಗಲೇ ಇಬ್ಬರೂ ಸರದಿಯಲ್ಲಿ ನೋಡಿಕೊಳ್ಳುವ ವೇಳಾಪಟ್ಟಿ ಹಾಕಿ.